ಅರವತ್ತು ಕೆಜಿಯ ಮಹಾಪುರುಷ

ಕೆಲವು ತಿಂಗಳಿಂದ ಒಬ್ಬ ಮನುಷ್ಯನನ್ನು ಹುಡುಕುತ್ತಿದ್ದೇನೆ. ಗುರುತು ಹೇಳುತ್ತೇನೆ, ಎಲ್ಲಾದರೂ ಕಂಡರೆ ತಿಳಿಸಿ. ತೂಕ ಸರಿಯಾಗಿ 60 ಕೆಜಿ. ಯುಗಾದಿಯ ಹೋಳಿಗೆ ತಿಂದರೂ ಏರುವುದಿಲ್ಲ, ಏಕಾದಶಿ ಮಾಡಿದರೂ ಇಳಿಯುವುದಿಲ್ಲ. ದಿನಕ್ಕೆ ಎರಡೇ ಲೀಟರ್ ನೀರು ಕುಡಿಯುತ್ತಾನೆ, ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ನಿಂತರೂ ಅಷ್ಟೇ. ಆಯಸ್ಸು 70 ವರ್ಷ. ಕೂಸಾಗಿ ತೊಟ್ಟಿಲಲ್ಲಿ ಮಲಗಿದವನಲ್ಲ, ಮುದುಕನಾಗಿ ಕೋಲು ಹಿಡಿಯುವವನಲ್ಲ, ಬಸಿರಿ ಬಾಣಂತಿಯಂತೂ ಅಲ್ಲವೇ ಅಲ್ಲ. ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ, ರಕ್ತಹೀನತೆ ಯಾವುದೂ ಹತ್ತಿರ ಸುಳಿದಿಲ್ಲ. ಎಲ್ಲಕ್ಕಿಂತ ದೊಡ್ಡ ಗುಣವೆಂದರೆ, ಒಂದು ಹೊತ್ತಿಗೆ ಒಂದೇ ವಿಷ ತಿನ್ನುತ್ತಾನೆ.

ಇವನು ಯಾರೋ ಹಿಮಾಲಯದ ಯೋಗಿ ಅಂದುಕೊಳ್ಳಬೇಡಿ. ನಮ್ಮ ನೀರಲ್ಲಿ ಎಷ್ಟು ವಿಷ ಇರಬಹುದು, ಅನ್ನದಲ್ಲಿ ಎಷ್ಟು, ಸಾಂಬಾರ್ ಪುಡಿಯಲ್ಲಿ ಎಷ್ಟು ಎಂಬ ಲೆಕ್ಕವೆಲ್ಲ ಬಹುಮಟ್ಟಿಗೆ ಹುಟ್ಟಿದ್ದು ಇವನನ್ನು ನೆನೆದುಕೊಂಡೇ. ಪತ್ರಿಕೆಯಲ್ಲಿ 'ಮಿತಿಯೊಳಗೇ ಇದೆ, ಜನ ಆತಂಕಪಡಬೇಕಿಲ್ಲ' ಎಂದು ಅಧಿಕಾರಿಗಳು ಹೇಳುತ್ತಾರಲ್ಲ, ಅವರು ಸಮಾಧಾನ ಹೇಳುತ್ತಿರುವುದು ಇವನಿಗೆ. ನಾವು ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೇವೆ, ಅಷ್ಟೇ.

ಈ ಮಹಾಪುರುಷನ ಪರಿಚಯ ಮಾಡಿಸಿದವನು ನನ್ನ ಸೋದರಳಿಯ. ಅವನ ಕೆಲಸ ಆಹಾರದಲ್ಲಿನ ವಿಷವನ್ನು ಅಳೆದು ಗಂಡಾಂತರದ ಲೆಕ್ಕ ಹಾಕುವುದು. ಹುಡುಗ ಬುದ್ಧಿವಂತ, ಸಂಬಳ ಕಡಿಮೆ. ಎರಡೂ ಒಟ್ಟಿಗೆ ಇರುವುದರಿಂದ ಪ್ರಾಮಾಣಿಕ ಅಂತಲೂ ಹೇಳಬಹುದು. ಕೋಲಾರದ ಹತ್ತಿರದ ನಮ್ಮೂರಿನ ಜಗಲಿಯ ಮೇಲೆ ಕೂತು ಅವನು ನನಗೆ ಪಾಠ ಮಾಡಿದ.

"ನಾಲ್ಕೇ ಮೆಟ್ಟಿಲು ಮಾವ. ಒಳಗೆ ಹೋಗ್ತಿರೋದು ಏನು? ಎಷ್ಟು ಹೋದರೆ ಏನಾಗುತ್ತೆ? ಜನರ ಹೊಟ್ಟೆಗೆ ನಿಜವಾಗಿ ಎಷ್ಟು ಹೋಗ್ತಿದೆ? ಒಟ್ಟು ಗಂಡಾಂತರ ಎಷ್ಟು? 1983ರಲ್ಲಿ ಅಮೆರಿಕದ ವಿಜ್ಞಾನಿಗಳು ಒಂದು ಕೆಂಪು ರಟ್ಟಿನ ಪುಸ್ತಕದಲ್ಲಿ ಈ ನಾಲ್ಕನ್ನು ಬರೆದಿಟ್ಟರು. ಇಡೀ ಜಗತ್ತು ಅದನ್ನೇ ಹಿಡಿದುಕೊಂಡಿದೆ."

"ಎಷ್ಟು ಹೋದರೆ ಏನಾಗುತ್ತೆ ಅಂತ ಗೊತ್ತಾಗೋದು ಹೇಗಪ್ಪ?"

"ಇಲಿಗೆ ಕೊಡ್ತೀವಿ ಮಾವ. ಎಷ್ಟರವರೆಗೆ ಕೊಟ್ಟರೆ ಇಲಿಗೆ ಏನೂ ಆಗಲ್ಲವೋ ಆ ಅತಿ ದೊಡ್ಡ ಪ್ರಮಾಣ ತಗೊಂಡು ನೂರರಿಂದ ಭಾಗಿಸ್ತೀವಿ. ಇಲಿಗೂ ಮನುಷ್ಯನಿಗೂ ಇರೋ ವ್ಯತ್ಯಾಸಕ್ಕೆ ಒಂದು ಹತ್ತು, ಮನುಷ್ಯ ಮನುಷ್ಯರ ನಡುವೆ ಇರೋ ವ್ಯತ್ಯಾಸಕ್ಕೆ ಇನ್ನೊಂದು ಹತ್ತು. ಬಂದದ್ದೇ ದಿನಾ ತಿಂದರೂ ತೊಂದರೆ ಇಲ್ಲದ ಪ್ರಮಾಣ."

ಇಲಿ ಗಣಪತಿಯನ್ನು ಹೊತ್ತದ್ದು ದೊಡ್ಡ ವಿಷಯವಲ್ಲ ಎನಿಸಿತು. ಈಗ ಮನುಕುಲವನ್ನೇ ಹೊತ್ತಿದೆ. ಆದರೆ ನನ್ನ ಮನಸ್ಸು ನಿಂತದ್ದು ಆ ಎರಡನೇ ಹತ್ತರ ಮೇಲೆ. ಮನುಷ್ಯ ಮನುಷ್ಯರ ನಡುವಿನ ವ್ಯತ್ಯಾಸಕ್ಕೆ ಒಟ್ಟು ಮಂಜೂರಾಗಿರುವುದು ಒಂದು ಸೊನ್ನೆ. ಆ ಸೊನ್ನೆಯೊಳಗೇ ನಮ್ಮತ್ತೆ ಹೊಂದಿಕೊಳ್ಳಬೇಕು, ಬಾಣಂತಿ ಸೊಸೆ ಹೊಂದಿಕೊಳ್ಳಬೇಕು, ಕಿಡ್ನಿ ಸೋತ ಪಕ್ಕದ ಮನೆಯ ಮೇಷ್ಟ್ರು ಹೊಂದಿಕೊಳ್ಳಬೇಕು. ಮೊದಲೇ ಹೊತ್ತಿನ ಊಟಕ್ಕೆ ಹೊಂದಿಸಲು ಒದ್ದಾಡುವ ಕೂಲಿಯವನ ಸವೆದ ಮೈಯೂ ಅದರಲ್ಲೇ ತೂರಬೇಕು. ಬೆಂಗಳೂರಿನ ಬಿಎಂಟಿಸಿ ಬಸ್ಸಿನಲ್ಲೂ ಇಷ್ಟು ಜನ ಹಿಡಿಯುವುದಿಲ್ಲ.

ಹೋಗಲಿ, ಮಹಾಪುರುಷ ನಮ್ಮ ಮನೆಯಲ್ಲೇ ಇರಬಹುದೆಂದು ಎಲ್ಲರನ್ನೂ ತೂಗಿದೆ. ನಾನು 84 ಕೆಜಿ, ಇದು ಲೆಕ್ಕಕ್ಕೂ ಮೀರಿದ್ದು, ಡಾಕ್ಟರಿಗೂ ಮೀರಿದ್ದು. ಅತ್ತೆ 42. ಮೊಮ್ಮಗಳನ್ನು ಊರಿನ ಅಂಗನವಾಡಿಯ ತಕ್ಕಡಿಗೆ ತೂಗುಹಾಕಿದಾಗ ಮುಳ್ಳು 11ಕ್ಕೆ ನಿಂತಿತು. ಟೀಚರ್ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ಅರವತ್ತರ ಪುಣ್ಯಾತ್ಮ ನಮ್ಮ ವಂಶದಲ್ಲಿಲ್ಲ.

ಹಾಗಾದರೆ ನೀರಿನ ಹತ್ತಿರ ಹುಡುಕೋಣ ಎಂದು ಹೊರಟೆ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದು ಹೊಸ ಸುದ್ದಿಯಲ್ಲ. ಅಲ್ಲಿ ಹಲ್ಲು ನೋಡಿಯೇ ಊರು ಹೇಳುವವರಿದ್ದಾರೆ. ಮೊದಲು ಹಲ್ಲಿನ ಮೇಲೆ ಕಂದು ಗೀರು ಮೂಡುತ್ತದೆ, ಆಮೇಲೆ ಮೂಳೆ ಬಿಗಿಯುತ್ತದೆ, ಸೊಂಟ ಬಾಗುತ್ತದೆ. ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ನಿಯಮ ಇದಕ್ಕೆ ಎರಡು ಗೆರೆ ಹಾಕಿದೆ. ಒಂದು ಲೀಟರಿಗೆ 1 ಮಿಲಿಗ್ರಾಂವರೆಗೆ ಒಪ್ಪಿಗೆ. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೂ ನಡೆಯುತ್ತದೆ.

ಈ ಎರಡನೇ ಗೆರೆಯನ್ನು ನಾನು ಮೂರು ಸಲ ಓದಿದೆ. ಮನುಷ್ಯನಿಗೆ ಬೇರೆ ದಾರಿ ಇಲ್ಲ ಎಂದು ಗೊತ್ತಾದ ಕೂಡಲೇ ಫ್ಲೋರೈಡಿಗೂ ಮನಸ್ಸು ಕರಗುತ್ತದೆ ಎಂದಾಯಿತು. 'ಪಾಪ, ಇವನಿಗೆ ಇನ್ನೊಂದು ಬಾವಿ ಇಲ್ಲ' ಎಂದು ಅದು ಮೂಳೆಗೆ ಹೋಗುವ ಬದಲು ಮರ್ಯಾದೆಯಿಂದ ಹೊರಗೆ ಹೋಗುತ್ತದೆ ಅಂತ ತೋರುತ್ತದೆ. ಬಡತನಕ್ಕೆ ಸರ್ಕಾರ ಕೊಟ್ಟ ರಿಯಾಯಿತಿಗಳಲ್ಲಿ ಅರ್ಜಿ ಇಲ್ಲದೆ, ಲಂಚ ಇಲ್ಲದೆ, ನೇರ ಫಲಾನುಭವಿಯ ಮೂಳೆಗೇ ಜಮೆಯಾಗುವ ರಿಯಾಯಿತಿ ಇದೊಂದೇ ಇರಬೇಕು.

ಅಳಿಯನ ಕ್ಯಾಲ್ಕುಲೇಟರ್ ಇಸಿದುಕೊಂಡೆ. ಮಹಾಪುರುಷ ಆ 1.5ರ ನೀರನ್ನು ಎರಡು ಲೀಟರ್ ಕುಡಿದರೆ ಅವನ ಹೊಟ್ಟೆಗೆ ಹೋಗುವುದು 3 ಮಿಲಿಗ್ರಾಂ. ಬಿಸಿಲಲ್ಲಿ ಕಡಲೆಕಾಯಿ ಕೀಳುವ ಹೆಂಗಸು ಆರು ಲೀಟರ್ ಕುಡಿದರೆ 9. ಮುದ್ದೆ ತೊಳಸಿದ ನೀರು, ಸಾರಿನ ನೀರು, ಟೀ ನೀರು ಬೇರೆ. ಇನ್ನು 11 ಕೆಜಿಯ ಮೊಮ್ಮಗಳು ಒಂದೇ ಲೀಟರ್ ಕುಡಿದಳು ಅಂದುಕೊಳ್ಳಿ. ಅವಳ ಮೈಯ ಒಂದೊಂದು ಕೆಜಿಗೆ ಬೀಳುವ ಪಾಲು ಮಹಾಪುರುಷನ ಪಾಲಿನ ಎರಡೂವರೆ ಪಟ್ಟಿಗಿಂತ ಹೆಚ್ಚು. ನೀರು ಅದೇ, ವರದಿ ಅದೇ, 'ಮಿತಿಯೊಳಗಿದೆ' ಎಂಬ ಮುದ್ರೆಯೂ ಅದೇ.

"ಮಿತಿ ಅನ್ನೋದು ಕಲ್ಲಿನ ಮೇಲೆ ಕೆತ್ತಿದ್ದಲ್ಲ ಮಾವ" ಎಂದ ಅಳಿಯ. ಉದಾಹರಣೆಗೆ ಯುರೇನಿಯಂ ತೆಗೆದುಕೊಂಡ. ನಮ್ಮ ಕಡೆಯ ಗ್ರಾನೈಟ್ ಬಂಡೆಯಡಿಯ ನೀರಿನಲ್ಲಿ ಅದೂ ಉಂಟು. ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಲೀಟರಿಗೆ 2 ಮೈಕ್ರೋಗ್ರಾಂ ಸಾಕು ಎಂದಿತು. 2004ರಲ್ಲಿ 15 ಆದರೂ ಪರವಾಗಿಲ್ಲ ಎಂದಿತು. 2011ರಲ್ಲಿ 30. ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿಯದು ಇನ್ನೂ ಉದಾರ ಕೈ, 60 ಎಂದಿತು. ಹೊಸ ಅಧ್ಯಯನ ಬಂದಾಗ ಅಂಕಿ ಬದಲಾಗುವುದು ವಿಜ್ಞಾನದ ಧರ್ಮ ಎಂದು ಅಳಿಯ ಹೇಳಿದ್ದು ಸರಿಯೇ. ಆದರೆ ನಮ್ಮೂರ ಬೋರ್‌ವೆಲ್ಲಿನ ಕಡೆಯಿಂದ ನೋಡಿ. 20 ಮೈಕ್ರೋಗ್ರಾಂ ಇದ್ದ ನೀರು 1998ರಲ್ಲಿ ಅಪರಾಧಿ, 2004ರಲ್ಲೂ ಅಪರಾಧಿ, 2011ರಲ್ಲಿ ನಿರ್ದೋಷಿ. ಬೋರ್‌ವೆಲ್ ಕೂತ ಜಾಗದಿಂದ ಕದಲಲಿಲ್ಲ, ಒಬ್ಬ ವಕೀಲನನ್ನೂ ಇಡಲಿಲ್ಲ.

ಮಿತಿ ಹಿಗ್ಗುವುದಕ್ಕೆ ಯಾವಾಗಲೂ ಹದಿಮೂರು ವರ್ಷ ಕಾಯಬೇಕಿಲ್ಲ. 2024ರ ಏಪ್ರಿಲ್ ನೆನಪಿಸಿಕೊಳ್ಳಿ. ಹಾಂಗ್‌ಕಾಂಗ್‌ನವರು ನಮ್ಮ ಎರಡು ಹೆಸರಾಂತ ಕಂಪನಿಗಳ ಕೆಲವು ಮಸಾಲೆಗಳಲ್ಲಿ ಎಥಿಲೀನ್ ಆಕ್ಸೈಡ್ ಇದೆಯೆಂದು ಮಾರಾಟ ನಿಲ್ಲಿಸಿದ ತಿಂಗಳು ಅದು. ಅದೇ ತಿಂಗಳಲ್ಲಿ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ ಒಂದು ಆದೇಶ ಹೊರಡಿಸಿತು. ಇಲ್ಲಿ ಮಿತಿಯೇ ಗೊತ್ತುಮಾಡಿರದ ಕೀಟನಾಶಕಗಳು ಮಸಾಲೆ ಪದಾರ್ಥದಲ್ಲಿ ಕಂಡರೆ ಕೆಜಿಗೆ 0.01 ಮಿಲಿಗ್ರಾಂ ದಾಟಬಾರದು ಎಂದಿತ್ತಲ್ಲ, ಅದನ್ನು 0.1 ಮಾಡಿತು. ಒಂದು ಸೊನ್ನೆ ಅಳಿಸಿದ್ದಷ್ಟೇ. ಎರಡು ಸೊನ್ನೆಗಳ ಭರವಸೆಯ ಮೇಲೆ ಬದುಕುವ ಪ್ರಜೆಗೆ ಒಂದು ಸೊನ್ನೆ ಹೋದರೆ ಎಷ್ಟು ಉಳಿಯಿತು ಎಂದು ಕೇಳಿದೆ. "ಅದು ಆ ಸೊನ್ನೆ ಅಲ್ಲ ಮಾವ, ಬೇರೆ ಸೊನ್ನೆ" ಎಂದ ಅಳಿಯ. ಮೆಣಸಿನಕಾಯಿ ಕೆಜಿಗಟ್ಟಲೆ ತಿನ್ನುವವರು ಯಾರೂ ಇಲ್ಲ, ಆದ್ದರಿಂದ ಹೊಟ್ಟೆಗೆ ಹೋಗುವುದು ಚೂರೇ ಎಂದು ವಿವರಿಸಿದ. ಒಪ್ಪಿದೆ. ಆದರೆ ನಮ್ಮ ಮನೆಯಲ್ಲಿ ಬೆಳಗಿನ ಚಟ್ನಿಯಿಂದ ರಾತ್ರಿಯ ಸಾರಿನವರೆಗೆ ಮೆಣಸಿನಕಾಯಿ ಮುಟ್ಟದ ಊಟವೇ ಇಲ್ಲ. ಆ ಪ್ರಾಧಿಕಾರಕ್ಕೊಮ್ಮೆ ಗುಂಟೂರು ಗಡಿಯ ಬೀಗರ ಮನೆಯ ಊಟ ಹಾಕಿಸಬೇಕು.

ಹಾಗೆಂದು ನಮ್ಮ ವ್ಯವಸ್ಥೆ ಬರೀ ಉದಾರಿ ಅಂತ ಹೇಳಿದರೆ ತಪ್ಪಾಗುತ್ತದೆ. ಸಿಟ್ಟು ಬಂದರೆ ಬಿಡುವುದಿಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯದಲ್ಲಿ ಗೋಬಿ ಮಂಚೂರಿಯ 171 ಮಾದರಿ ತಪಾಸಣೆ ಮಾಡಿದಾಗ 107ರಲ್ಲಿ ಹಾಕಬಾರದ ಕೃತಕ ಬಣ್ಣ ಸಿಕ್ಕಿತು. ಬಾಂಬೆ ಮಿಠಾಯಿಯಲ್ಲಿ ರೋಡಮೈನ್-ಬಿ ಎಂಬ ಬಟ್ಟೆಯ ಬಣ್ಣ. ನಿಷೇಧ ಬಂತು, ಮೀರಿದರೆ 7 ವರ್ಷ ಜೈಲು, 10 ಲಕ್ಷ ದಂಡ ಎಂಬ ಎಚ್ಚರಿಕೆಯೂ ಬಂತು. ಬೇಕಾದ ಕ್ರಮವೇ, ಎರಡು ಮಾತಿಲ್ಲ. ಬಟ್ಟೆಗೆ ಹಾಕುವ ಬಣ್ಣ ಮಗುವಿನ ನಾಲಿಗೆಗೆ ಯಾಕೆ?

ಆದರೆ ಈ ಪ್ರಕರಣದಿಂದ ವಿಷಗಳೆಲ್ಲ ಒಂದು ಪಾಠ ಕಲಿತಿರಬೇಕು: ಕೆಂಪಗೆ ಇರಬಾರದು, ತಳ್ಳುಗಾಡಿಯಲ್ಲಿ ಕೂರಬಾರದು. ಸೀಸಕ್ಕೆ ಬಣ್ಣವಿಲ್ಲ, ಕ್ಯಾಡ್ಮಿಯಮ್ಮಿಗೆ ವಾಸನೆಯಿಲ್ಲ, ಆರ್ಸೆನಿಕ್ಕಿಗೆ ರುಚಿಯಿಲ್ಲ. ಅವು ಕಾರ್ಖಾನೆಯ ಹಿಂಬಾಗಿಲಿನಿಂದ ಹೊರಟು, ರಾಜಕಾಲುವೆಯಲ್ಲಿ ತೇಲಿ, ಕೆರೆಯಲ್ಲಿ ವಿಶ್ರಮಿಸಿ, ಸೊಪ್ಪಿನ ಬೇರಿಗೆ ಏರಿ, ಸಭ್ಯ ಹಸಿರು ವೇಷದಲ್ಲಿ ನಮ್ಮ ಅಡುಗೆಮನೆಗೆ ಬರುತ್ತವೆ. ಗೋಬಿ ಅಂಗಡಿಯವನಿಗೆ ನೋಟಿಸು ಕೊಡಬಹುದು. ದಂಟಿನ ಸೊಪ್ಪಿಗೆ ಕೊಡುವುದು ಯಾವ ವಿಳಾಸಕ್ಕೆ?

ಇಲ್ಲಿ ನಮ್ಮ ಕೋಲಾರಕ್ಕೂ ಬೆಂಗಳೂರಿಗೂ ಇರುವ ಕೊಡುಕೊಳ್ಳುವಿಕೆಯ ಬಗ್ಗೆ ಹೇಳಲೇಬೇಕು. ಬೆಂಗಳೂರಿನದು ಸಾಮಾನ್ಯ ಕೊಳಚೆಯಲ್ಲ. 2017ರ ಫೆಬ್ರವರಿಯಲ್ಲಿ ಬೆಳ್ಳಂದೂರು ಕೆರೆ ಹೊತ್ತಿ ಹೊಗೆಯೆದ್ದದ್ದನ್ನು ಜಗತ್ತೇ ನೋಡಿತು. ನೀರಿನಿಂದ ಬೆಂಕಿ ಆರಿಸುತ್ತಾರೆ ಎಂಬ ನಂಬಿಕೆಯ ಬುಡಕ್ಕೇ ಕೊಳ್ಳಿ ಇಟ್ಟ ಊರು ಅದು. ಆ ನಗರದ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ಮುಂದಿನ ತಿಂಗಳೇ ಕೆರೆಯಲ್ಲಿ ನೊರೆ. ಮಳೆ ಕಾಣದ ನಮ್ಮ ಜನ ತುಂಬಿದ ಕೆರೆಗೆ ಕೈ ಮುಗಿದು ಬಾಗಿನ ಬಿಟ್ಟರು. ಬಾಗಿನದ ಮೊರವೇ ನೊರೆಯಲ್ಲಿ ಮುಚ್ಚಿಹೋಗುವ ಕಾಲ ಬರದಿರಲಿ ಎಂದು ಕೆಲವರು ಮೂರನೇ ಹಂತದ ಶುದ್ಧೀಕರಣವನ್ನೂ ಮಾಡಿ ಎಂದು ಕೇಳಿದರು, ಕೋರ್ಟಿಗೂ ಹೋದರು. ಯೋಜನೆ ಮುಂದುವರಿಯಿತು.

ನಾನು ಈ ಯೋಜನೆಯ ವಿರೋಧಿಯಲ್ಲ. ಬತ್ತಿದ ಬಾವಿಗೆ ಜೀವ ಬಂದದ್ದನ್ನು ಕಣ್ಣಾರೆ ಕಂಡವನು. ನನಗೆ ಖುಷಿ ಕೊಡುವುದು ಅದರ ನ್ಯಾಯ. ಬೆಂಗಳೂರಿನವರು ಸ್ನಾನ ಮಾಡಿ, ಬಟ್ಟೆ ಒಗೆದು, ಪಾತ್ರೆ ತೊಳೆದು ನೀರನ್ನು ಕೋಲಾರಕ್ಕೆ ಕಳಿಸುತ್ತಾರೆ. ಅದರಿಂದ ಅಂತರ್ಜಲ ತುಂಬುತ್ತದೆ, ಟೊಮೆಟೊ, ಕೊತ್ತಂಬರಿ, ಬೀನ್ಸ್ ಬೆಳೆಯುತ್ತದೆ. ಕೋಲಾರ ಅದನ್ನು ಲಾರಿಗೆ ತುಂಬಿ ಬೆಂಗಳೂರಿಗೇ ವಾಪಸ್ ಕಳಿಸುತ್ತದೆ. ಮುಯ್ಯಿಗೆ ಮುಯ್ಯಿ. ನಡುವೆ ಇಲ್ಲದಿರುವುದು ಒಂದೇ. ಆ ಕೊತ್ತಂಬರಿಯ ಜೊತೆ ಏನೇನು ವಾಪಸ್ ಹೋಗುತ್ತಿದೆ ಎಂದು ಸಂತೆಯ ಬಾಗಿಲಲ್ಲಿ ದಿನಾ ಅಳೆದು, ಎಲ್ಲರಿಗೂ ಕಾಣುವಂತೆ ಬೋರ್ಡಿನಲ್ಲಿ ಬರೆಯುವ ಒಬ್ಬ ಗುಮಾಸ್ತ. ಟೊಮೆಟೊ ರೇಟು ಬರೆಯಲು ಬೋರ್ಡ್ ಇದೆ.

ಇನ್ನು ಮಹಾಪುರುಷನ ಆ ಕೊನೆಯ ಗುಣ: ಒಂದು ಸಲಕ್ಕೆ ಒಂದೇ ವಿಷ. ನಿಯಮದ ಪುಸ್ತಕದಲ್ಲಿ ಪ್ರತಿಯೊಂದು ವಿಷಕ್ಕೂ ಬೇರೆ ಬೇರೆ ಸಾಲು. ಸೀಸಕ್ಕೆ ಒಂದು, ಆರ್ಸೆನಿಕ್‌ಗೆ ಒಂದು, ಕಡಲೆಕಾಯಿಯ ಬೂಷ್ಟಿನಲ್ಲಿ ಹುಟ್ಟುವ ಅಫ್ಲಟಾಕ್ಸಿನ್‌ಗೆ ಒಂದು, ಕೀಟನಾಶಕಗಳಿಗೆ ಉದ್ದನೆಯ ಪಟ್ಟಿ. ಒಂದೊಂದೂ ಮಿತಿಯೊಳಗಿದ್ದರೆ ಊಟ ಪಾಸ್. ಆದರೆ ನಾವು ಉಣ್ಣುವುದು ಪಟ್ಟಿಯನ್ನಲ್ಲ, ಬಿಸಿಬೇಳೆ ಬಾತನ್ನು. ಅಕ್ಕಿಯ ಆರ್ಸೆನಿಕ್, ಬೇಳೆಯ ಕೀಟನಾಶಕ, ಅರಿಶಿನಕ್ಕೆ ಮೆರುಗು ಕೊಡಲು ಕಳ್ಳ ವ್ಯಾಪಾರಿ ಬೆರೆಸುವ ಸೀಸದ ಕ್ರೋಮೇಟ್, ಒಗ್ಗರಣೆಯ ಕಡಲೆಬೀಜ ಎಲ್ಲವೂ ಒಂದೇ ಪಾತ್ರೆಯಲ್ಲಿ ಕುದಿಯಬಹುದು. ಬೇರೆ ಬೇರೆ ಕೂರಿಸಿದರೆ ಒಬ್ಬೊಬ್ಬರೂ ಸಾಧು, ಒಟ್ಟಿಗೆ ಕೂರಿಸಿದರೆ ಏನು ಮಾಡುತ್ತಾರೆ ಎಂಬುದು ವಿಧಾನಸಭೆ ನೋಡಿದವರಿಗೆ ಹೊಸದಾಗಿ ಹೇಳಬೇಕಿಲ್ಲ. ಒಟ್ಟು ಲೆಕ್ಕ ಹಾಕುವ ವಿಧಾನ ಇಲ್ಲವೆಂದಲ್ಲ, ಇದೆ. ಪ್ರಯೋಗಾಲಯದ ಮೇಜಿನಿಂದ ಸೊಪ್ಪಿನ ಮಾರ್ಕೆಟ್ಟಿಗೆ ಬರಲು ಅದಕ್ಕೆ ಇನ್ನೂ ಬಸ್ಸು ಸಿಕ್ಕಿಲ್ಲ.

ಸೀಸದ ಕಥೆಯಂತೂ ಇನ್ನೂ ಸೊಗಸು. ವಾರಕ್ಕೆ ಇಷ್ಟು ಸೀಸ ಹೊಟ್ಟೆಗೆ ಹೋದರೆ ಪರವಾಗಿಲ್ಲ ಎಂದು ಅಂತಾರಾಷ್ಟ್ರೀಯ ತಜ್ಞರ ಸಮಿತಿಯೊಂದು ಹಿಂದೆ ಹೇಳಿತ್ತು. 2010ರಲ್ಲಿ ಅದೇ ಸಮಿತಿ ಮತ್ತೆ ಕೂತು ಮಕ್ಕಳ ಬುದ್ಧಿಗೆ ಆಗುವ ಹಾನಿಯ ದಾಖಲೆ ನೋಡಿ, ಇದಕ್ಕೆ ಸುರಕ್ಷಿತ ಪ್ರಮಾಣ ಅಂತ ಹೇಳಲಾಗದು ಎಂದು ತನ್ನ ಮಿತಿಯನ್ನೇ ವಾಪಸ್ ಪಡೆಯಿತು. ಆರ್ಸೆನಿಕ್‌ಗೂ ಅದೇ ವರ್ಷ ಹಾಗೇ ಆಯಿತು. ದೊಡ್ಡವರ ಕರುಳಿಗಿಂತ ಎಳೆ ಮಕ್ಕಳ ಕರುಳು ನಾಲ್ಕೈದು ಪಟ್ಟು ಹೆಚ್ಚು ಸೀಸ ಹೀರಿಕೊಳ್ಳಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅತಿಯಾದರೆ ಅಮೃತವೂ ವಿಷ ಎಂದು ನಮ್ಮ ಅಜ್ಜಿಯರು ಹೇಳುತ್ತಿದ್ದರು. ಪ್ರಮಾಣವೇ ವಿಷ ಎಂದು 16ನೇ ಶತಮಾನದಲ್ಲಿ ಪ್ಯಾರಾಸೆಲ್ಸಸ್ ಎಂಬ ಸ್ವಿಸ್ ವೈದ್ಯನೂ ಹೇಳಿದ. ನಮ್ಮ ಕಚೇರಿಗಳು ಆ ಮಾತನ್ನು ತಲೆಕೆಳಗಾಗಿ ಹಿಡಿದಿವೆ: ಮಿತವಾದರೆ ವಿಷವೂ ಅಮೃತ.

ನಗುವುದನ್ನು ಇಲ್ಲಿ ಸ್ವಲ್ಪ ನಿಲ್ಲಿಸುತ್ತೇನೆ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಕಡೆಯ ಗೇರು ತೋಪುಗಳ ಮೇಲೆ ಸರ್ಕಾರಿ ನಿಗಮವೇ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯಿತು. ಗೇರಿನ ಕೀಟ ಸಾಯಲಿ ಎಂದು ಸುರಿದದ್ದು ಮನೆಯ ಹೆಂಚಿಗೂ ಬಿತ್ತು, ಬಾವಿಗೂ ಬಿತ್ತು, ಅಂಗಳದ ಮಕ್ಕಳ ಮೇಲೂ ಬಿತ್ತು. ಆಮೇಲೆ ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳನ್ನು ತಾಯಂದಿರು ಎತ್ತಿಕೊಂಡು ಬಂದು ತೋರಿಸಿದರು. ಆಗ ಕೇಳಿಬಂದ ಮಾತು: ಇದಕ್ಕೂ ಅದಕ್ಕೂ ಸಂಬಂಧವಿದೆ ಎನ್ನಲು ಖಚಿತ ಪುರಾವೆ ಎಲ್ಲಿ? ಪುರಾವೆ ಹಾಸಿಗೆಯ ಮೇಲೆ ಮಲಗಿತ್ತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನ್‌ಗೆ ದೇಶದಾದ್ಯಂತ ತಡೆ ಹಾಕಿತು. ಈಗ ಸಂತ್ರಸ್ತರಿಗೆ ಮಾಸಾಶನವಿದೆ. ಗಂಡಾಂತರದ ಲೆಕ್ಕವನ್ನು ಮೊದಲು ಮಾಡದಿದ್ದರೆ ಆಮೇಲೆ ಖಜಾನೆ ಇಲಾಖೆ ಮಾಡುತ್ತದೆ, ತಿಂಗಳಿಗೆ ತಲಾ ಇಷ್ಟು ಎಂದು.

ಇಷ್ಟೆಲ್ಲ ಹೇಳಿ ಅಳಿಯನನ್ನು ದಬಾಯಿಸಿದೆ: "ನಿಮ್ಮ ಶಾಸ್ತ್ರವೇ ಬೊಗಳೆ ಕಣೋ."

ಅವನು ಮೊದಲ ಸಲ ಸಿಟ್ಟಾದ. "ಶಾಸ್ತ್ರ ಬೊಗಳೆ ಅಲ್ಲ ಮಾವ. ಶಾಸ್ತ್ರ ಬಿಟ್ಟರೆ ಉಳಿಯೋದು ನಿಮ್ಮ ವಾಟ್ಸಾಪು. ಮಗುವಿಗೆ, ಬಸಿರಿಗೆ, ಬಿಸಿಲಲ್ಲಿ ದುಡಿಯೋರಿಗೆ ಬೇರೆ ಬೇರೆ ಲೆಕ್ಕ ಹಾಕಿ ಅಂತ ಹೇಳೋದೇ ಈ ಶಾಸ್ತ್ರ. ನಾಲ್ಕು ಮೆಟ್ಟಿಲಲ್ಲಿ ಮೂರನೇದು ಏನು ಹೇಳಿ? ಜನರ ಹೊಟ್ಟೆಗೆ ನಿಜವಾಗಿ ಎಷ್ಟು ಹೋಗ್ತಿದೆ ಅನ್ನೋದು. ಅದಕ್ಕೆ ಯಾರು ಏನು ತಿಂತಾರೆ, ಎಷ್ಟು ತಿಂತಾರೆ ಅಂತ ಗೊತ್ತಿರಬೇಕು. ಹಳ್ಳಿ ಹಳ್ಳಿಗೆ ಹೋಗಿ ಜನರ ಊಟ ತೂಗಿ ಬರೆದುಕೊಳ್ಳೋಕೆ ಅಂತಲೇ 1972ರಲ್ಲಿ ರಾಷ್ಟ್ರೀಯ ಪೋಷಣಾ ನಿಗಾ ಬ್ಯೂರೋ ಶುರು ಮಾಡಿದ್ದರು. 2015ರಲ್ಲಿ ಅದನ್ನು ಮುಚ್ಚಿದರು. ತಕ್ಕಡಿ ಎತ್ತಿಟ್ಟ ಮೇಲೆ ನಾನು ಯಾರ ತೂಕ ಹಾಕಲಿ? ಅವನೊಬ್ಬ ಸಿಕ್ಕ, 60 ಕೆಜಿಯವನು. ಬಾಯಿಲ್ಲದವನು, ದೂರು ಹೇಳದವನು."

ನನಗೆ ಮಾತು ಹೊರಡಲಿಲ್ಲ. ಯಾಕೆಂದರೆ ಅವನ ಪಟ್ಟಿಯಲ್ಲಿ ವಾಟ್ಸಾಪಿನ ಪಕ್ಕ ನಾನೂ ಇದ್ದೆ. ಹೆದರಿದ ನಾನು ಮಾಡಿದ್ದೇನು? ಬೆಂಗಳೂರಿನಲ್ಲಿರುವ ನನ್ನ ಮನೆಗೆ ನೀರು ಶುದ್ಧ ಮಾಡುವ ಆರ್‌ಓ ಯಂತ್ರ ತಂದೆ. ಅದು ನನಗೊಂದು ಲೋಟ ಕೊಟ್ಟು ಅದಕ್ಕಿಂತ ಹೆಚ್ಚು ನೀರನ್ನು, ತೆಗೆದ ಲವಣವನ್ನೆಲ್ಲ ಕಲಸಿ, ಚರಂಡಿಗೆ ಬಿಡುತ್ತದೆ. ಚರಂಡಿ ಎಲ್ಲಿಗೆ ಹೋಗುತ್ತದೆಂದು ಮೇಲೆ ಹೇಳಿದ್ದೇನೆ. 'ಕೆಮಿಕಲ್ ಇಲ್ಲದ್ದು' ಎಂದು ಬರೆದ ಬೆಲ್ಲವನ್ನು ದುಪ್ಪಟ್ಟು ಬೆಲೆಗೆ ತಂದೆ. ಚೀಟಿ ಅಂಟಿಸಿದವನನ್ನು ಪರೀಕ್ಷೆಯ ವರದಿ ಎಲ್ಲಿ ಎಂದು ಕೇಳಲಿಲ್ಲ. ದುಡ್ಡಿದ್ದವನು ತನ್ನ ತಟ್ಟೆಯ ವಿಷವನ್ನು ಪಕ್ಕದವನ ತಟ್ಟೆಗೆ ತಳ್ಳಿ, ಅದನ್ನು ಆರೋಗ್ಯ ಕಾಳಜಿ ಎಂದು ಕರೆಯುತ್ತಾನೆ. ಆ 1.5ರ ಗೆರೆ ಬರೆದವನಿಗೂ ನನಗೂ ಇರುವ ವ್ಯತ್ಯಾಸ ಒಂದೇ, ಅವನು ಸಹಿ ಹಾಕಿದ್ದಾನೆ.

ಆದ್ದರಿಂದ ಹುಡುಕಾಟ ನಿಲ್ಲಿಸಿದ್ದೇನೆ. 60 ಕೆಜಿಯ ಮಹಾಪುರುಷ ಸಿಗುವುದಿಲ್ಲ. ಸಿಕ್ಕರೂ ಅವನಿಗೆ ನಮ್ಮ ಸಹಾಯ ಬೇಕಿಲ್ಲ, ಅವನು ಎಲ್ಲ ಮಿತಿಯೊಳಗೂ ಕ್ಷೇಮವಾಗಿದ್ದಾನೆ. ಮುಂದಿನ ಸಲ ನಿಮ್ಮೂರಿನ ನೀರಿನದೋ ಸೊಪ್ಪಿನದೋ ವರದಿ ಹಿಡಿದು ಯಾರಾದರೂ 'ಮಿತಿಯೊಳಗಿದೆ' ಎಂದರೆ ಗಲಾಟೆ ಮಾಡಬೇಡಿ, ಮೂರೇ ಪ್ರಶ್ನೆ ಕೇಳಿ. ಎಷ್ಟು ತೂಕದವರಿಗೆ? ದಿನಕ್ಕೆ ಎಷ್ಟು ಕುಡಿಯುವವರಿಗೆ, ಎಷ್ಟು ತಿನ್ನುವವರಿಗೆ? ಬೇರೆ ಯಾವ ಯಾವ ವಿಷದ ಜೊತೆಗೆ? ಉತ್ತರ ಬರುವವರೆಗೆ ಕುರ್ಚಿ ಬಿಟ್ಟು ಏಳಬೇಡಿ.

ತೂಕದ ತಕ್ಕಡಿ ಇಲ್ಲ ಎಂದು ಅವರು ಹೇಳಿದರೆ ಅಂಗನವಾಡಿ ತೋರಿಸಿ. ಅಲ್ಲಿ ತಕ್ಕಡಿಯಿದೆ, ಪುಸ್ತಕವಿದೆ, ಮುಳ್ಳು 11ಕ್ಕೆ ನಿಂತದ್ದನ್ನು ಟೀಚರ್ ಬರೆದಿಟ್ಟಿದ್ದಾರೆ. ಲೆಕ್ಕ ಅಲ್ಲಿಂದ ಶುರುವಾಗಬೇಕು.